ಕೆಳಗೊಂದು ಕೋಣೆ ಇರಲಿ

ನಮ್ಮ ಬೀದಿಯಲ್ಲಿ ಈಗ ಮೂರು ಮನೆಗಳು ಏಳುತ್ತಿವೆ. ಒಂದಕ್ಕೆ ಪಾಯ ತೆಗೆದಾಗಿದೆ. ಇನ್ನೊಂದಕ್ಕೆ ಮೊದಲ ಸ್ಲ್ಯಾಬ್ ಬಿದ್ದಿದೆ. ಮೂರನೆಯದರಲ್ಲಿ ಟೈಲ್ಸ್ ಕೂರಿಸುತ್ತಿದ್ದಾರೆ. ಬೆಳಗಿನ ನಡಿಗೆಯಲ್ಲಿ ಪ್ರತಿಯೊಂದರ ಮುಂದೆಯೂ ಒಂದು ನಿಮಿಷ ನಿಲ್ಲುವುದು ನನ್ನ ಅಭ್ಯಾಸ. ಎಲ್ಲವೂ ಮೂವತ್ತು ನಲವತ್ತರ ಸೈಟುಗಳು, ನಕ್ಷೆಯೂ ಹೆಚ್ಚುಕಡಿಮೆ ಒಂದೇ. ಕೆಳಗೆ ಕಾರು ನಿಲ್ಲಿಸುವ ಜಾಗ, ಅದರ ಹಿಂದೆ ಬಾಡಿಗೆಗೊಂದು ಪುಟ್ಟ ಮನೆ. ಮೇಲೆ ಮಾಲೀಕರ ವಾಸ. ಅದರ ಮೇಲೆ ಇನ್ನೊಂದು ಬಾಡಿಗೆ ಮನೆ. ಮೂರು ಕುಟುಂಬಗಳಲ್ಲೂ ಅರುವತ್ತು ದಾಟಿದವರಿದ್ದಾರೆ. ಪಾಯದ ಪೂಜೆಯ ದಿನ ಅವರನ್ನೇ ಮುಂದೆ ಕೂರಿಸಿ, ಅವರ ಕೈಯಿಂದಲೇ ಮೊದಲ ಕಲ್ಲು ಇಡಿಸಿದ್ದನ್ನು ನೋಡಿದ್ದೇನೆ. ಅವರ ಕೋಣೆ ಎಲ್ಲಿ ಬರುತ್ತದೆ ಎಂದು ಕೇಳಿದರೆ ಮಾತ್ರ ಮೂರೂ ಕಡೆ ಬೆರಳು ಮೇಲಕ್ಕೇ ಹೋಯಿತು.

ಬೇರೆಯವರ ಮನೆಯ ನಕ್ಷೆಗೆ ತಲೆ ಹಾಕುವ ಹಕ್ಕು ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ನಕ್ಷೆಗೆ ನಾನೂ ಒಪ್ಪಿದ್ದೆ. ಬ್ಯಾಂಕಿನ ಸಾಲವಿತ್ತು. ಕೆಳಗಿನ ಮನೆಯ ಬಾಡಿಗೆ ಕಂತಿಗೆ ಒದಗುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಮೇಲೆ ಗಾಳಿ ಬೆಳಕು ಚೆನ್ನಾಗಿರುತ್ತದೆ ಎಂದು ಅಮ್ಮನೂ ಹೇಳಿದಳು. ಆಗ ಅವಳಿಗೆ ಅರುವತ್ತೊಂದು. ಮೆಟ್ಟಿಲು ಹತ್ತೊಂಬತ್ತು.

ಆ ಹತ್ತೊಂಬತ್ತು ಮೆಟ್ಟಿಲು ಒಂದೇ ದಿನದಲ್ಲಿ ಬೆಟ್ಟವಾಗಲಿಲ್ಲ. ಮೊದಮೊದಲು ದಿನವೂ ಬೆಳಿಗ್ಗೆ ರಂಗೋಲಿಗೆ ಇಳಿಯುತ್ತಿದ್ದಳು. ಆಮೇಲೆ ರಂಗೋಲಿ ಕೆಲಸದವಳ ಪಾಲಾಯಿತು. ದಿನದ ದೇವಸ್ಥಾನ ಶನಿವಾರಕ್ಕೆ ಬಂತು, ಶನಿವಾರದ್ದು ಹಬ್ಬಕ್ಕೆ ಬಂತು. ಸೊಪ್ಪಿನವಳು ಕೂಗಿದರೆ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಿಡುತ್ತಿದ್ದಳು. ದುಡ್ಡು ಇಳಿಯುತ್ತಿತ್ತು, ದಂಟಿನ ಸೊಪ್ಪು ಏರುತ್ತಿತ್ತು. ನಮಗೆಲ್ಲ ಅದು ತಮಾಷೆಯಾಗಿ ಕಂಡಿತ್ತು. ಕೊನೆಯ ಎರಡು ವರ್ಷ ಅವಳು ಕೆಳಗೆ ಬಂದದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ. ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹೊತ್ತು. ಒಮ್ಮೆ ಹಾಗೆ ಇಳಿಸಿದಾಗ ಎದುರು ಮನೆಯವರು ಗೇಟಿನ ಬಳಿ ಸಿಕ್ಕರು. “ಏನಮ್ಮಾ, ಇಷ್ಟು ದಿನ ಊರಲ್ಲಿರಲಿಲ್ವಾ?” ಎಂದು ಪ್ರೀತಿಯಿಂದಲೇ ಕೇಳಿದರು. ಅಮ್ಮ ಎಲ್ಲಿಗೂ ಹೋಗಿರಲಿಲ್ಲ. ಅವರ ಕಣ್ಣೆದುರೇ, ಹತ್ತಡಿ ಎತ್ತರದಲ್ಲಿದ್ದಳು.

ಅಮ್ಮ ತೀರಿಕೊಂಡ ಮೇಲೆ, ಕೆಳಗಿನ ಮನೆ ಖಾಲಿಯಾದಾಗ, ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಇಳಿದೆವು. ಈಗ ನನಗೆ ಅರುವತ್ತಾರು. ಇಳಿದ ಮೇಲೆ ಗೋಡೆ ಒಡೆದು, ಬಾಗಿಲು ಕಿತ್ತು, ಬಚ್ಚಲನ್ನು ಮತ್ತೆ ಕಟ್ಟಿಸಿ ಕಲಿತದ್ದು ಹಲವು. ಅವನ್ನು ನೀವು ಒಡೆಯದೆಯೇ ಕಲಿಯುವಂತಾಗಲಿ ಎಂಬ ಆಸೆಯಿಂದ ಈ ಮನವಿ.

ಮನೆ ಕಟ್ಟಲು ಹೊರಟಿರುವ ಓದುಗರೇ, ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ನೆಲಮಟ್ಟದಲ್ಲಿ ಒಂದು ಕೋಣೆ ಇರಲಿ. ಅದಕ್ಕೆ ಅಂಟಿಕೊಂಡಂತೆ ಒಂದು ಬಚ್ಚಲು ಇರಲಿ. ಕಾಫಿ ಕಾಯಿಸಿಕೊಳ್ಳುವಷ್ಟು ಒಂದು ಕಟ್ಟೆ ಇರಲಿ. ವಯಸ್ಸಾದವರು ಯಾರನ್ನೂ ಕೂಗದೆ ಬೆಳಿಗ್ಗೆ ಎದ್ದು, ಮುಖ ತೊಳೆದು, ಬಾಗಿಲು ತೆರೆದು ಬೀದಿ ನೋಡುವಂತಿರಲಿ. ಇದಕ್ಕಿಂತ ಹೆಚ್ಚನ್ನು ಕೇಳುತ್ತಿಲ್ಲ.

ಬೀದಿ ನೋಡುವಂತಿರಲಿ ಎಂದದ್ದನ್ನು ದಯವಿಟ್ಟು ಗಮನಿಸಿ. ಹಿರಿಯರ ಕೋಣೆ ಎಂದರೆ ಹಿಂದಿನ ಮೂಲೆ, ಪಕ್ಕದ ಮನೆಯ ಗೋಡೆಗೆ ತೆರೆದ ಕಿಟಕಿ ಎಂಬ ರೂಢಿ ಬಂದುಬಿಟ್ಟಿದೆ. ಸದ್ದಿರುವುದಿಲ್ಲ, ನೆಮ್ಮದಿಯಾಗಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೆ ಅಂದುಕೊಳ್ಳುವವರು ನಡುವಯಸ್ಸಿನವರು. ದಿನವಿಡೀ ಮನೆಯಲ್ಲಿರುವವರಿಗೆ ಬೇಕಾದದ್ದು ಹಾಲಿನವನ ಸೈಕಲ್ಲು, ಶಾಲೆಯ ಮಕ್ಕಳು, ಗೇಟಿನ ಆಚೆ ನಿಂತು ಎರಡು ಮಾತಾಡುವವರು. ಹಳೆಯ ಮನೆಗಳ ಜಗಲಿ ಈ ಕೆಲಸ ಮಾಡುತ್ತಿತ್ತು. ಹಾಗೆಂದು ತೊಟ್ಟಿಮನೆಯನ್ನು ಹೊಗಳಲು ಹೊರಟವನಲ್ಲ ನಾನು. ತಲೆ ಬಗ್ಗಿಸಿ ದಾಟುವ ಬಾಗಿಲು, ಮೊಣಕಾಲೆತ್ತರದ ಹೊಸ್ತಿಲು, ಮಳೆಗಾಲದ ರಾತ್ರಿ ಹಿತ್ತಲಿನ ಬಚ್ಚಲಿಗೆ ನಡೆಯುವುದು, ಇವುಗಳಿಂದ ಬಿದ್ದ ಅಜ್ಜಿಯರು ನಮ್ಮ ಊರಲ್ಲೂ ಇದ್ದರು. ಹಳೆಯದರಿಂದ ಜಗಲಿಯನ್ನಷ್ಟೇ ತೆಗೆದುಕೊಳ್ಳೋಣ.

ಇನ್ನು ಅಳತೆಯ ಮಾತು. ಇದರಲ್ಲಿ ಗುಟ್ಟೇನೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಎಲ್ಲರಿಗೂ ಎಟುಕುವ ಕಟ್ಟಡಗಳ ಮಾರ್ಗಸೂಚಿಯಲ್ಲಿ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಎಲ್ಲವೂ ಇದೆ. ಅವು ಹೆಚ್ಚಾಗಿ ಸಾರ್ವಜನಿಕ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಮನೆಗೆ ಬೇಕಾದಷ್ಟನ್ನು ನಾವು ಎತ್ತಿಕೊಳ್ಳಬಹುದು.

ಮೊದಲು ಗೇಟಿನಿಂದ ಬಾಗಿಲವರೆಗೆ. ಇಳಿಜಾರು ಒಂದಕ್ಕೆ ಹನ್ನೆರಡರಂತೆ ಇರಬೇಕು. ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಬೆಂಗಳೂರಿನಲ್ಲಿ ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಮಳೆ ನೀರು ಒಳಗೆ ನುಗ್ಗುತ್ತದೆ ಎಂದು ಜನ ಪಾಯವನ್ನು ಎರಡಡಿ, ಮೂರಡಿ ಎತ್ತರಿಸುತ್ತಾರೆ. ಆ ಹೆದರಿಕೆ ನಿಜವಾದದ್ದೇ. ಆದರೆ ಎರಡಡಿ ಎತ್ತರಕ್ಕೆ ಇಪ್ಪತ್ನಾಲ್ಕು ಅಡಿ ಇಳಿಜಾರು ಬೇಕು, ಸೈಟಿನ ಉದ್ದವೇ ನಲವತ್ತು. ಹೀಗಾಗಿ ನಮ್ಮ ಬೀದಿಗಳಲ್ಲಿ ಕಾಣುವ ಇಳಿಜಾರುಗಳು ಸ್ಕೂಟರು ಹತ್ತಲು ಮಾಡಿದವು. ಎಂಜಿನ್ನಿಗೆ ಅದು ಸಲೀಸು. ಗಾಲಿಕುರ್ಚಿ ತಳ್ಳುವ ಸೊಸೆಗೆ ಅಲ್ಲ, ಕೋಲು ಹಿಡಿದ ಮಾವನಿಗೂ ಅಲ್ಲ. ಪಕ್ಕದ ಓಣಿಯ ಉದ್ದಕ್ಕೂ ಇಳಿಜಾರನ್ನು ಹರಿಸಿ, ತಿರುವಿನಲ್ಲಿ ಐದಡಿ ಸಮತಟ್ಟು ಬಿಡಬಹುದೇ ಎಂದು ನಿಮ್ಮ ಎಂಜಿನಿಯರನ್ನು ಕೇಳಿ. ಆಗದಿದ್ದರೆ ಬೇಸರ ಬೇಡ. ಮಂಡಿನೋವಿನ ಎಷ್ಟೋ ಜನರಿಗೆ ಕಡಿದಾದ ಇಳಿಜಾರಿಗಿಂತ ಆರಿಂಚಿನ ನಾಲ್ಕು ಮೆಟ್ಟಿಲು, ಎರಡೂ ಕಡೆ ಕಂಬಿ ಇದ್ದರೆ ಹೆಚ್ಚು ಹಿತ. ಒಂದು ಎಚ್ಚರ ಮಾತ್ರ ಇರಲಿ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಗ್ರಾನೈಟ್ ಕೂರಿಸುವಾಗ ಮೊದಲನೆಯದೋ ಕೊನೆಯದೋ ಒಂದಿಂಚು ಹೆಚ್ಚುಕಡಿಮೆಯಾಗುತ್ತದೆ. ಕಾಲು ಎಡವುವುದು ಅಲ್ಲಿಯೇ.

ಹೊಸ್ತಿಲ ವಿಷಯಕ್ಕೆ ಬಂದರೆ ಕೆಲವರ ಹುಬ್ಬು ಗಂಟಿಕ್ಕುತ್ತದೆ. ಹೊಸ್ತಿಲು ಪೂಜೆಯ ಜಾಗ, ಅರಿಸಿನ ಕುಂಕುಮದ ಜಾಗ. ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ತೆಗೆದಿಲ್ಲ. ಮುಂಬಾಗಿಲ ಹೊಸ್ತಿಲನ್ನು ನೆಲಕ್ಕೆ ಹೆಚ್ಚುಕಡಿಮೆ ಸಮವಾಗಿ ಕೂರಿಸಿದ್ದೇವೆ. ಮರ ಅದೇ, ಪೂಜೆ ಅದೇ, ಅಂಚನ್ನು ಸ್ವಲ್ಪ ಸವರಿದ್ದೇವೆ. ಶುಕ್ರವಾರ ಬಾಗಿ ಅರಿಸಿನ ಹಚ್ಚಲು ನನ್ನ ಹೆಂಡತಿಗೆ ಅದು ಇನ್ನೂ ಸಾಕಷ್ಟು ಹೊಸ್ತಿಲೇ. ಒಳಗಿನ ಕೋಣೆಗಳಿಗೆ, ಬಚ್ಚಲಿಗೆ ಹೊಸ್ತಿಲು ಏಕೆ ಬೇಕು ಎಂದು ನಮ್ಮ ಪುರೋಹಿತರನ್ನು ಕೇಳಿದೆ. ಅವರು ನಕ್ಕು, ಮುಂಬಾಗಿಲೊಂದು ಸಾಕು ಎಂದರು.

ಬಾಗಿಲ ಅಗಲದಲ್ಲಿ ಒಂದು ಮೋಸವಿದೆ. ಬಡಗಿ “ಮೂರಡಿ ಬಾಗಿಲು” ಎಂದರೆ ಚೌಕಟ್ಟು ಸೇರಿ ಮೂರಡಿ. ಎರಡೂ ಕಡೆಯ ಮರ, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಸುಮಾರು ಎರಡೂವರೆ ಅಡಿ. ಬಚ್ಚಲಿಗೆ ಸಾಮಾನ್ಯವಾಗಿ ಇಡುವುದೇ ಎರಡೂವರೆ ಅಡಿಯ ಬಾಗಿಲು, ಅದರಲ್ಲಿ ಉಳಿಯುವುದು ಎರಡಡಿಯ ಆಸುಪಾಸು. ಗಾಲಿಕುರ್ಚಿ ಅದರಲ್ಲಿ ತೂರುವುದಿಲ್ಲ. ವಾಕರ್ ಹಿಡಿದವರು ಓರೆಯಾಗಿ ನುಗ್ಗಬೇಕು. ಮಾರ್ಗಸೂಚಿ ಕೇಳುವುದು 900 ಮಿಲಿಮೀಟರು ಖಾಲಿ ಜಾಗ, ಅಂದರೆ ಮರದ ನಡುವೆ ಮೂರಡಿ. ಆದ್ದರಿಂದ ಚೌಕಟ್ಟನ್ನು ಮೂರೂವರೆ ಅಡಿಗೆ ಹೇಳಿ. ಕಟ್ಟುವಾಗ ಇದಕ್ಕೆ ತಗಲುವುದು ಸ್ವಲ್ಪ ಮರ. ಆಮೇಲೆ ಮಾಡಿಸಿದರೆ ಗೋಡೆ, ಟೈಲ್ಸ್, ಸ್ವಿಚ್ ಬೋರ್ಡು, ಬಣ್ಣ, ಒಂದು ವಾರದ ದೂಳು. ನಮಗೆ ಆದದ್ದು ಅದೇ.

ಬಚ್ಚಲಿನ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಲು ಅಪ್ಪಣೆ ಕೊಡಿ. ಜಗತ್ತಿನಲ್ಲಿ ಆಕಸ್ಮಿಕ ಪೆಟ್ಟುಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ ಇದೆ, ಹಾಗೆ ಬಿದ್ದು ಸಾಯುವವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪರಿಚಯದವರಲ್ಲಿ ಯಾರಾದರೂ “ಸೊಂಟ ಮುರಿದುಕೊಂಡರು” ಎಂಬ ಸುದ್ದಿ ಬಂದರೆ ನಾವು ಕೇಳುವ ಮೊದಲ ಪ್ರಶ್ನೆಯೇ “ಬಚ್ಚಲಲ್ಲಾ?” ಎಂದಲ್ಲವೇ?

ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾರರು. ಚಿಲಕವೂ ತುರ್ತಿನಲ್ಲಿ ಹೊರಗಿನಿಂದ ತೆರೆಯುವಂಥದ್ದಿರಲಿ. ಒಳಗೆ ಗಾಲಿಕುರ್ಚಿ ತಿರುಗಲು ಐದಡಿ ವ್ಯಾಸದ ಜಾಗ ಸಿಕ್ಕರೆ ಉತ್ತಮ. ನೀರು ಹೊರಬಾರದೆಂದು ಬಚ್ಚಲ ನೆಲವನ್ನು ಒಂದೆರಡು ಇಂಚು ತಗ್ಗಿಸುವುದು ನಮ್ಮ ಮೇಸ್ತ್ರಿಗಳ ಪದ್ಧತಿ. ಅದರ ಬದಲು ನೆಲಕ್ಕೆ ಸಣ್ಣ ಓರೆ ಕೊಟ್ಟು, ಬಾಗಿಲ ಬಳಿ ಉದ್ದನೆಯ ಜಾಲರಿ ಇಟ್ಟರೆ ನೀರು ಅಲ್ಲಿಯೇ ಇಳಿದುಹೋಗುತ್ತದೆ. ಹೊಳೆಯುವ ಟೈಲ್ಸ್ ಬೇಡ. ಅಂಗಡಿಯಲ್ಲಿ “ಆಂಟಿ ಸ್ಕಿಡ್” ಎಂದು ಕೇಳಿ, ಒಂದು ತುಂಡಿನ ಮೇಲೆ ಸೋಪಿನ ನೀರು ಚೆಲ್ಲಿ ಕಾಲಿನಿಂದ ಉಜ್ಜಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ನಮ್ಮ ಹಿರಿಯರಲ್ಲಿ ಹೆಚ್ಚಿನವರದು ಬಕೆಟ್ಟು ಚೊಂಬಿನ ಸ್ನಾನ. ಗಿಡ್ಡ ಮಣೆಯ ಮೇಲೆ ಕೂತು, ನೆಲದ ಬಕೆಟ್ಟಿಗೆ ಬಗ್ಗಿ, ಮತ್ತೆ ಏಳುವುದು. ಏಳುವಾಗಲೇ ತಲೆ ಸುತ್ತುವುದು. ಗೋಡೆಗೆ ಹೊಂದಿಸಿ ಕುರ್ಚಿ ಎತ್ತರದ ಒಂದು ಕಲ್ಲುಕಟ್ಟೆ ಕಟ್ಟಿಸಿ. ಬಕೆಟ್ಟಿಗೂ ಒಂದು ಎತ್ತರದ ಕಲ್ಲು ಹಾಕಿಸಿ. ವೆಸ್ಟರ್ನ್ ಕಮೋಡು ಹದಿನೆಂಟು ಇಂಚು ಎತ್ತರ ಇರಲಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವವು ಅದಕ್ಕಿಂತ ಗಿಡ್ಡ. ಅದರ ಪಕ್ಕದ ಗೋಡೆಗೆ ಹಿಡಿ ಬೇಕೇ ಬೇಕು. ಟವೆಲ್ ಹಾಕುವ ರಾಡು ಹಿಡಿಯಲ್ಲ. ಜಾರಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಆ ಕ್ಷಣದಲ್ಲಿ ಇಡೀ ಮೈಭಾರ ಅದರ ಮೇಲೆ ಬೀಳುತ್ತದೆ, ರಾಡು ಕಿತ್ತು ಬರುತ್ತದೆ. ನಾಲ್ಕಿಂಚಿನ ಗೋಡೆಯಾದರೆ ಹಿಡಿ ಬರುವ ಜಾಗದಲ್ಲಿ ಕಾಂಕ್ರೀಟಿನ ಒಂದು ಪಟ್ಟಿ ಹಾಕಿಸಿಡಿ. ಹಿಡಿಯನ್ನು ಈಗಲೇ ಹಾಕಿಸಬೇಕೆಂದೇನೂ ಇಲ್ಲ. ಟೈಲ್ಸ್ ಹಚ್ಚುವ ಮುನ್ನ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪೈಪು ಎಲ್ಲಿ ಹೋಗಿದೆ, ಪಟ್ಟಿ ಎಲ್ಲಿದೆ ಎಂಬುದು ಹತ್ತು ವರ್ಷದ ಮೇಲೆ ಡ್ರಿಲ್ ಹಿಡಿದು ಬರುವವನಿಗೆ ಬೇಕಾಗುತ್ತದೆ. ಇದೊಂದು ಸಲಹೆಗೆ ದುಡ್ಡು ಖರ್ಚಿಲ್ಲ.

ಮಂಚದಿಂದ ಬಚ್ಚಲವರೆಗಿನ ದಾರಿಯಲ್ಲಿ ಒಂದು ಸಣ್ಣ ದೀಪ, ಅದು ಯುಪಿಎಸ್ ಲೈನಿನಲ್ಲಿ. ಪ್ಲಗ್ಗು ಬಗ್ಗದೆ ಎಟುಕುವ ಎತ್ತರದಲ್ಲಿ. ಇಷ್ಟಾದರೆ ಕೋಣೆ ಮುಗಿಯಿತು.

ಪಾಯ ತೆಗೆದ ಮನೆಯವರ ಜೊತೆ ಮೊನ್ನೆ ಇದನ್ನೆಲ್ಲ ಮಾತಾಡಿದೆ. ಯಜಮಾನರು ನನಗಿಂತ ಎರಡು ವರ್ಷ ದೊಡ್ಡವರು. “ನನಗೇನಾಗಿದೆ ಸ್ವಾಮಿ, ಗುಂಡುಕಲ್ಲಿನಂತಿದ್ದೇನೆ” ಎಂದರು. ಎಲ್ಲ ಮನೆಗಳಲ್ಲೂ ಮೊದಲ ಅಡ್ಡಿ ಇದೇ. ಹಿರಿಯರ ಕೋಣೆ ಎಂದ ಕೂಡಲೇ ಹಿರಿಯರಿಗೇ ಮನಸ್ಸು ಮುದುಡುತ್ತದೆ. ತನ್ನನ್ನು ಕೆಳಗೆ ತಳ್ಳುತ್ತಿದ್ದಾರೆ ಎನಿಸುತ್ತದೆ. ಆದ್ದರಿಂದ ಮಕ್ಕಳಲ್ಲಿ ಒಂದು ವಿನಂತಿ. ಅದನ್ನು ಹಿರಿಯರ ಕೋಣೆ ಎಂದು ಕರೆಯಲೇಬೇಡಿ. ಬಾಣಂತನಕ್ಕೆ ಬಂದ ಮಗಳಿಗೆ, ಕಾಲು ಮುರಿದ ಹುಡುಗನಿಗೆ, ಊರಿನಿಂದ ಬಂದ ಅತ್ತೆಗೆ ಆಗುವ ಕೋಣೆ ಅದು. ಆ ಯಜಮಾನರು ಕೊನೆಗೆ ಒಪ್ಪಿದ್ದು ಬಚ್ಚಲ ಬಾಗಿಲಿನ ಅಗಲಕ್ಕೆ ಮಾತ್ರ, ಅದೂ ವಾಷಿಂಗ್ ಮೆಷಿನ್ ಹೋಗುತ್ತದೆ ಎಂಬ ಕಾರಣಕ್ಕೆ. ನನಗೆ ಅಷ್ಟೇ ಸಂತೋಷ.

ಬಾಡಿಗೆಯ ದುಡ್ಡು ಹೋಗುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೋಗಬೇಕಾಗಿಲ್ಲ. ಕೆಳಗಿನ ಮನೆಯನ್ನು ಹೀಗೆ ಕಟ್ಟಿ, ನಿಮಗೆ ಬೇಕಾಗುವವರೆಗೆ ಬಾಡಿಗೆಗೆ ಕೊಡಿ. ಮಕ್ಕಳು ದೂರದಲ್ಲಿರುವ ದಂಪತಿಗಳು ಬ್ರೋಕರನ್ನು ಮೊದಲು ಕೇಳುವುದೇ “ಕೆಳಗಿನ ಮನೆ ಇದೆಯಾ?” ಎಂದು. ವಯಸ್ಸಾದವರಿಗೆ ಕೊಟ್ಟರೆ ಏನಾದರೂ ಆದೀತು ಎಂದು ಹಿಂಜರಿಯುವ ಮಾಲೀಕರನ್ನು ನಾನು ಬಲ್ಲೆ. ಆ ಹಿಂಜರಿಕೆಯನ್ನು ಒಮ್ಮೆ ಪಕ್ಕಕ್ಕಿಟ್ಟು ನೋಡಿ. ಬಾಡಿಗೆ ತಪ್ಪಿಸದ, ಗೋಡೆಗೆ ಮೊಳೆ ಹೊಡೆಯಲೂ ಕೇಳಿಯೇ ಹೊಡೆಯುವ ಜನ ಅವರು.

ಅಪಾರ್ಟ್‌ಮೆಂಟಿನಲ್ಲಿರುವ ಓದುಗರು ಇದು ತಮಗಲ್ಲ ಎಂದು ಪುಟ ತಿರುಗಿಸದಿರಲಿ. ಲಿಫ್ಟು ಇದೆ, ಆದರೆ ಲಿಫ್ಟಿಗೆ ತಲುಪಲು ಮೂರು ಮೆಟ್ಟಿಲು ಎಂಬ ಕಟ್ಟಡಗಳು ಎಷ್ಟಿಲ್ಲ? ಸಂಘದ ಮುಂದಿನ ಸಭೆಯಲ್ಲಿ ಆ ಮೂರು ಮೆಟ್ಟಿಲ ಮಾತೆತ್ತಿ. ಕಂಬಿ ಹಾಕಿಸಲು ದೊಡ್ಡ ನಿಧಿ ಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು ಕೇಳಿ ಎರಡು ಹಿಡಿ ಹಾಕಿಸಿಕೊಳ್ಳಬಹುದು. ಬಿಟ್ಟು ಹೋಗುವಾಗ ಅದನ್ನು ಅಲ್ಲಿಯೇ ಬಿಟ್ಟು ಹೋಗಿ.

ಮೇಸ್ತ್ರಿಗಳೇ, ಎಂಜಿನಿಯರುಗಳೇ, ನಿಮ್ಮ ಒಂದು ಮಾತಿಗೆ ಈ ಬರಹಕ್ಕಿಂತ ಹೆಚ್ಚು ಬೆಲೆಯಿದೆ. ಮನೆ ಕಟ್ಟಿಸುವವರು ಜೀವನದಲ್ಲಿ ಒಮ್ಮೆ ಕಟ್ಟಿಸುತ್ತಾರೆ, ನೀವು ನೂರು ಕಟ್ಟಿರುತ್ತೀರಿ. “ಬಚ್ಚಲ ಬಾಗಿಲು ಅಗಲ ಮಾಡೋಣವೇ ಸಾರ್, ಮುಂದಕ್ಕೆ ಅನುಕೂಲ” ಎಂದು ನೀವಾಗಿಯೇ ಕೇಳಿದರೆ ಬೇಡ ಎನ್ನುವವರು ಕಡಿಮೆ.

ಗ್ರಾಮ ಪಂಚಾಯಿತಿ ಸದಸ್ಯರಲ್ಲಿಯೂ ಒಂದು ಕೋರಿಕೆ. ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸುವಾಗ, ಆ ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ ಎಂದು ಕೇಳಿ. ಇದ್ದರೆ ಪಾಯ ಹಾಕುವ ದಿನ ಹೋಗಿ ಬಾಗಿಲ ಅಳತೆಯ ಮಾತು ಆಡಿ ಬನ್ನಿ. ಇನ್ನು ನಗರಗಳ ಮಾತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಮಾರ್ಗಸೂಚಿ, ಬಹುಮಹಡಿ ಕಟ್ಟಡಗಳಲ್ಲಿ ನೆಲಮಹಡಿಯ ಮನೆಗಳನ್ನು ಹಂಚುವಾಗ ಹಿರಿಯರಿಗೂ ಅಂಗವಿಕಲರಿಗೂ ಆದ್ಯತೆ ಕೊಡಬೇಕು ಎನ್ನುತ್ತದೆ. ಈ ಸಾಲು ಗೊತ್ತಿಲ್ಲದೆ ಮೂರನೆಯ ಮಹಡಿಯ ಕೀಲಿಕೈ ಹಿಡಿದುಬಂದವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೆ ತಿಳಿಸಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ, ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ ಎಂದು ಬಿಡಿಸಿ ಹೇಳುತ್ತದೆ. ಆ ವಸತಿ ಎಷ್ಟು ಮೆಟ್ಟಿಲಾಚೆ ಇರಬೇಕು ಎಂಬುದನ್ನು ಕಾಯ್ದೆ ನಮ್ಮ ವಿವೇಕಕ್ಕೆ ಬಿಟ್ಟಿದೆ.

ಜಪಾನಿನ ಮನೆಗಳಲ್ಲೂ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಅದು ಅವರ ಆಚಾರ, ನಮ್ಮ ಹೊಸ್ತಿಲಿನಂತೆ. 2000ದಲ್ಲಿ ಜಾರಿಗೆ ಬಂದ ಅವರ ದೀರ್ಘಕಾಲೀನ ಆರೈಕೆ ವಿಮೆಯಲ್ಲಿ, ಆರೈಕೆಯ ಅಗತ್ಯವಿರುವ ಹಿರಿಯರು ಮನೆಗೆ ಹಿಡಿ ಹಾಕಿಸಲು, ನೆಲದ ಏರುತಗ್ಗು ಸರಿಪಡಿಸಲು ಎರಡು ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ನೆರವು ಪಡೆಯಬಹುದು. ಅವರು ಮೆಟ್ಟಿಲನ್ನು ಕೈಬಿಡಲಿಲ್ಲ, ಪಕ್ಕದಲ್ಲಿ ಒಂದು ಹಿಡಿ ಹಾಕಿಕೊಂಡರು. ನಮ್ಮ ದೇಶದಲ್ಲಿ 2011ರ ಜನಗಣತಿಯ ಹೊತ್ತಿಗೇ ಅರುವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. 2050ರ ವೇಳೆಗೆ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂಬ ಅಂದಾಜಿದೆ. ಇಂದು ನಲವತ್ತು ತುಂಬಿದ, ಈಗ ಮನೆ ಕಟ್ಟಿಸುತ್ತಿರುವ ನೀವು ಆ ಲೆಕ್ಕದಲ್ಲಿ ಸೇರಿದ್ದೀರಿ. ನಿಮ್ಮ ಮನೆಯ ನಕ್ಷೆಯಲ್ಲಿರುವ ಮೆಟ್ಟಿಲನ್ನು ಎಣಿಸಬೇಕಾದವರು ನೀವೇ.

ಇಂದು ಸಂಜೆ ಬಿಡುವಾದಾಗ ಒಂದು ಟೇಪು ಹುಡುಕಿ. ನಿಮ್ಮ ಬಚ್ಚಲ ಬಾಗಿಲನ್ನು ಮರದಿಂದ ಮರಕ್ಕೆ ಅಳೆದು ನೋಡಿ. ಆಮೇಲೆ ಮನೆಯ ಹಿರಿಯರನ್ನು ಕರೆದು, ರಾತ್ರಿ ಏಳುವಾಗ ಕೈ ಎಲ್ಲಿ ಊರುತ್ತೀರಿ ಎಂದು ಕೇಳಿ. ಅವರು ತೋರಿಸಿದ ಜಾಗಕ್ಕೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಹಿಡಿ ಬರಬೇಕಾದದ್ದು ಅಲ್ಲಿ. ಕೆಲವು ಮನೆಗಳಲ್ಲಿ ಪೆನ್ಸಿಲ್ ಕೂಡ ಬೇಕಾಗಲಿಕ್ಕಿಲ್ಲ. ಸ್ವಲ್ಪ ಬಗ್ಗಿ ನೋಡಿದರೆ, ಸುಣ್ಣದ ಮೇಲೆ ಅಂಗೈಯ ಜಿಡ್ಡು ಆಗಲೇ ಕಾಣುತ್ತದೆ.